ಕಾಕಾನ ಗಾದಿಯ ದಾರಿ

ನಿಜಾಮರ ಸಂಸ್ಥಾನದಲ್ಲಿ ರಸ್ತೆ ಮಾಡಿಸಿದವರು ಬಹಳ ಮಂದಿ ಇರಬಹುದು. ಆದರೆ ಆಡುಗಳನ್ನು ಇಂಜಿನಿಯರ್ ಮಾಡಿಕೊಂಡು ರಸ್ತೆ ಮಾಡಿದವನು ನಮ್ಮ ಕಾಕಾ ಒಬ್ಬನೇ! ಅದೂ ಯಾತಕ್ಕೆ? ಮಲಗುವ ಒಂದು ಹಳೆಯ ಹತ್ತಿ ಗಾದಿ ಹಿಂಜಿಸುವುದಕ್ಕೆ!

ನಮ್ಮೂರು ಭಾಲ್ಕಿ ಕಡೆ. ಊರಿನ ಬೆನ್ನಿಗೆ ಜಾಲಿ ಮತ್ತು ಬಾರಿ, ಅಂದರೆ ಬೋರೆ ಗಿಡದ, ಮುಳ್ಳುಗಳ ದಟ್ಟ ಅಡವಿ. ಅದರ ಆಚೆ ಔರಾದ್ ಸೀಮೆ. ಪಕ್ಕದ ಮನೆಯ ಚಾಚಾ ಬಿಲ್ಲು ಬಡಿದು ಹತ್ತಿ ಹಿಂಜುವವನು, ಚಿಕ್ಕಂದಿನಿಂದ ಕಾಕಾನ ದೋಸ್ತ. ಸಂಸ್ಥಾನಕ್ಕೆ ಫೌಜು ಬಂದು ಮುಸಲ್ಮಾನರಿಗೆ ಜೀವದ ಅಂಜಿಕೆಯಾದ ಪೊಲೀಸ್ ಆಕ್ಷನ್ನಿನ ದಿನಗಳಲ್ಲಿ ಹೆಂಡತಿಯನ್ನು ಕರೆದುಕೊಂಡು, ಬಿಲ್ಲು ಹೆಗಲಿಗೇರಿಸಿ, ಆ ಮುಳ್ಳಿನಲ್ಲೇ ನುಸುಳಿ ಆಚೆಯ ಅತ್ತೆಮನೆಗೆ ಹೋದವನು ಮರಳಲಿಲ್ಲ. ಗಲಾಟೆ ತಣ್ಣಗಾದ ಮೇಲೆ ಕುರಿ ಕಾಯುವವನ ಸಂಗಡ ಹೇಳಿಕಳಿಸಿದ: "ಸಡಕಿನ ಮ್ಯಾಲ ಬರ್ಲಿಕ್ಕಿ ಜೀವ ಅಂಜ್ತದ. ಅಡವ್ಯಾಗ ದಾರಿ ಇಲ್ಲ."

"ಇಲ್ಲಂದ್ರ ಮಾಡಬೇಕಪ್ಪ," ಎಂದ ಕಾಕಾ, ಕೊಡಲಿ ಮಸೆಯುತ್ತ. "ನನ್ನ ಗಾದಿ ಗಂಟುಗಂಟಾಗ್ಯಾದ. ಅವ ಬಂದು ಹಿಂಜಬೇಕು."

ಆ ಗಾದಿ ನೋಡಬೇಕಿತ್ತು ನೀವು! ತಲೆಯ ಕಡೆ ಒಂದು ಗುಡ್ಡ, ಸೊಂಟದ ಕಡೆ ಒಂದು ಹಳ್ಳ. ಕಾಕಾನ ಹೆಂಡತಿ, ನಮ್ಮ ಕಾಕು, ಬೇಸತ್ತು ಬೀದರದಿಂದ ಬೇರೊಬ್ಬ ಹಿಂಜುವವನನ್ನು ಕರೆಸಿದಳು. ಕಾಕಾ ಏನು ಮಾಡಿದ? ಗಾದಿಯ ಮೇಲೆ ಅಂಗಾತ ಮಲಗಿಬಿಟ್ಟ!

"ಏಳ್ರಿ, ಪಾಪ ಅಷ್ಟು ದೂರದಿಂದ ಬಂದಾನ."

"ನಾ ಮಲಗೇನಿ, ಕಾಣವಲ್ದೇನು?"

"ನಡು ಮಧ್ಯಾಹ್ನದಾಗ?"

"ನಿದ್ದಿಗೇನು ಹೊತ್ತು ಗೊತ್ತಿರ್ತದ?"

ಬಂದವನು ರೊಟ್ಟಿ, ಪುಂಡಿಪಲ್ಯ ಉಂಡು, ಬಿಲ್ಲು ಬಿಚ್ಚದೆಯೇ ಬೀದರದ ದಾರಿ ಹಿಡಿದ.

ಕಾಕಾನ ಕೆಲಸದ ಪದ್ಧತಿಯೇ ಬೇರೆ. ಮೊದಲು ಆಡುಗಳು ಸೊಪ್ಪು ಮೇಯಬೇಕು. ಟೊಂಗೆ ಬೋಳಾದರೆ ಮುಳ್ಳು ಕಾಣುತ್ತದೆ. ಆಮೇಲೆ ಕೊಡಲಿ. ಬುದ್ಧಿವಂತಿಕೆಯೇ, ಇಲ್ಲವೆನ್ನಲಾರೆ! ಆದರೆ ಔರಾದ್ ಯಾವ ದಿಕ್ಕಿಗಿದೆ ಎಂದು ಆಡಿಗೆ ಹೇಳುವವರು ಯಾರು? ಅವು ಸೊಪ್ಪಿದ್ದ ಕಡೆ ಹೋದವು, ದಾರಿ ಅವುಗಳ ಹಿಂದೆ ಹೋಯಿತು. ಹಣ್ಣು ಬಿಟ್ಟ ಬಾರಿ ಗಿಡ ಸಿಕ್ಕರಂತೂ ದಾರಿ ಅದಕ್ಕೊಂದು ಪ್ರದಕ್ಷಿಣೆ ಹಾಕಿಯೇ ಮುಂದಕ್ಕೆ! ನಾನು ಮೀಸೆ ಮೂಡಿದ ಮೇಲೆ ಅಕ್ಷರ ಕಲಿಯಲು ಸಾಲಿಗೆ ಸೇರಿದವನು. ಕಲಿತದ್ದನ್ನು ತೋರಿಸದೆ ಇರಲಾದೀತೆ?

"ಕಾಕಾ, ಇದು ದಾರಿ ಅಲ್ರಿ, ಜಿಲೇಬಿ ಆಗ್ಯಾದ."

"ನಿನಗ ಗೆರಿ ನೆಟ್ಟಗ ಎಳೀಲಿಕ್ಕಿ ಬರ್ತದೇನು?"

"ಇನ್ನಾ ಇಲ್ರಿ."

"ಮತ್ತ ಆಡಿಗ್ಯಾಕ ಬೈತಿ?"

ನಮ್ಮ ಕಡೆ ಕಡಿದು ಚೆಲ್ಲಿದ ಮುಳ್ಳು ಯಾರೊಬ್ಬರದೂ ಅಲ್ಲ; ಬೇಲಿಗೆ ಬೇಕಾದವರು ಎಳೆದುಕೊಂಡು ಹೋಗುವುದು ರೂಢಿ. ಒಂದು ಮುಂಜಾನೆ ಹೋಗಿ ನೋಡಿದರೆ, ಅಡವಿಯಂಚಿನ ಹೊಲದವನು ಕಾಕಾ ಕಡಿದ ಮುಳ್ಳಿನಿಂದಲೇ ಕಾಕಾನ ದಾರಿಗೆ ಅಡ್ಡ ಬೇಲಿ ಹಾಕಿದ್ದಾನೆ!

"ಲೇ, ದಾರಿ ಮುಚ್ಚಿದೆಲ್ಲೋ!"

"ಯಾ ದಾರೀರಿ ಕಾಕಾ? ಆಡು ನುಗ್ಗೋ ಸಂದಿ ಕಂಡೆ, ಮುಚ್ಚಿದೆ."

ಕಾಕಾ ಬೇಲಿ ಕಿತ್ತ. ಅವನು ಮತ್ತೆ ಹಾಕಿದ. ಕೊನೆಗೆ ಕಾಕು ನಡುವೆ ಬಂದು, "ಒಂದು ಗಾದಿ ಸಲುವಾಗಿ ಊರ ಕೂಡ ಜಗಳ!" ಎಂದು ಇಬ್ಬರನ್ನೂ ಬೈದು, ಒಬ್ಬ ಮನುಷ್ಯ ಅಡ್ಡಡ್ಡ ತಿರುಗಿ ದಾಟುವಷ್ಟು ಸಂದಿ ಬಿಡಿಸಿದಳು.

ಅಷ್ಟೆಲ್ಲ ಮಾಡಿ ದಾರಿ ಅಡವಿಯ ನಟ್ಟನಡುವೆ ನಿಂತುಹೋಯಿತು. ಆಡುಗಳ ಹೊಟ್ಟೆ ತುಂಬಿತ್ತು; ಇಂಜಿನಿಯರರೆಲ್ಲ ಮಲಗಿ ಮೆಲುಕು ಹಾಕುತ್ತಿದ್ದರು. ಸುತ್ತಲೂ ಮುಳ್ಳು. ಯಾವ ಕಡೆ ಕಡಿಯಬೇಕೆಂದು ಕಾಕಾನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕೊಡಲಿ ಬದಿಗಿಟ್ಟು ಕುಳಿತ.

"ಅವ ಬರಂಗಿಲ್ಲ ಬಿಡೋ ತಮ್ಮಾ," ಎಂದ. ಆ ಮಾತು ಅವನ ಬಾಯಲ್ಲಿ ಮೊದಲ ಸಲ ಕೇಳಿದೆ.

ಆಗ ದೂರದಿಂದ ಸಣ್ಣಗೆ ಬಂತು: ಟೊಂಯ್... ಟೊಂಯ್...

ಕಾಕಾ ಎದ್ದು ನಿಂತ. ಆಡುಗಳ ಕಡೆ ತಿರುಗಿಯೂ ನೋಡಲಿಲ್ಲ! ಸದ್ದಿಗೆ ಮುಖಮಾಡಿ ಕಡಿಯತೊಡಗಿದ. ಹಣ್ಣು ತುಂಬಿದ ಬಾರಿ ಗಿಡ ಅಡ್ಡ ಬಂತು, ಅದನ್ನೂ ಬಿಡಲಿಲ್ಲ. ಆ ಇಡೀ ದಾರಿಯಲ್ಲಿ ನೆಟ್ಟಗಿದ್ದುದು ಅದೊಂದೇ ತುಂಡು.

ಹೊತ್ತು ಇಳಿಯುವಾಗ ಕೊನೆಯ ಟೊಂಗೆ ಬಿತ್ತು. ಆಚೆಗೆ ಚಾಚಾ ಕುಳಿತಿದ್ದ, ಹತ್ತಿಯಿಲ್ಲದ ಬರಿ ಬಿಲ್ಲು ಬಡಿಯುತ್ತ. ದೋಸ್ತ ಅಡವಿಯಲ್ಲಿ ಗಿರಕಿ ಹೊಡೆಯುತ್ತಿದ್ದಾನೆಂದು ಕುರಿ ಕಾಯುವವನು ಸುದ್ದಿ ಮುಟ್ಟಿಸಿದ್ದನಂತೆ.

"ಎಷ್ಟು ತಡಾ ಮಾಡ್ದ್ಯೋ!" ಎಂದ ಚಾಚಾ.

"ಆಡಿಗಿ ಕೇಳು," ಎಂದ ಕಾಕಾ.

ಮನೆಗೆ ಬಂದವನೇ ಚಾಚಾ ಗಾದಿಯ ಮೇಲೆ ಕೈಯಾಡಿಸಿದ. ಗುಡ್ಡ ಮುಟ್ಟಿದ, ಹಳ್ಳ ಮುಟ್ಟಿದ. ತಲೆ ಕೊಡವಿದ.

"ಯಾ ಅಲ್ಲಾ! ಇದರ ಮ್ಯಾಲ ಹ್ಯಾಂಗ ಮಲಗಿದ್ಯೋ ಇಷ್ಟು ದಿನಾ?"

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದ.

"ನೀ ಹೋದ ಮ್ಯಾಲ ನಾ ಎಲ್ಲಿ ಮಲಗೇನೋ?" ಎಂದ.