ಮೈಕಾ ಕಾಲದಲ್ಲಿ ವಿನೀರ್ ಮಾರಿದ್ದು

ಫರ್ನಿಚರ್ ಅಂಗಡಿ ಇಟ್ಟವನು ನಗುವುದಕ್ಕೆ ನಾಟಕ ನೋಡಲು ಹೋಗಬೇಕಾಗಿಲ್ಲ. ಗಿರಾಕಿಗಳೇ ಬಂದು ಆಡಿ ಹೋಗುತ್ತಾರೆ. ಎಂಬತ್ತರ ದಶಕದ ಶುರುವಿನಲ್ಲಿ ಬೆಂಗಳೂರಿನ ಆರ್.ಟಿ. ನಗರದಲ್ಲಿ ನನ್ನ ಅಂಗಡಿ. ಊರಿಗೆ ಊರೇ ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುವ ಮೈಕಾ ಹಾಳೆಯ ಹಿಂದೆ ಬಿದ್ದಿದ್ದಾಗ ನಾನು ಹಠ ಹಿಡಿದು ತೇಗದ ವಿನೀರ್ ತಂದು ರಾಶಿ ಹಾಕಿದ್ದೆ. ವಿನೀರ್ ಅಂದರೆ ಮರವನ್ನೇ ಕಾಗದದಷ್ಟು ತೆಳ್ಳಗೆ ಸೀಳಿದ ಹಾಳೆ. ಪ್ಲೈವುಡ್ ಮೇಲೆ ಅಂಟಿಸಿದರೆ ಅಸಲಿ ತೇಗದ ಅಂದ. ಅದು ಮಾರಾಟವಾಗದಿದ್ದರೆ ಅಂಗಡಿಗೆ ಬೀಗ ಹಾಕಿ ಪೀಣ್ಯದ ಯಾವುದಾದರೂ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಬೇಕೆಂದು ಮಾವನವರ ಅಪ್ಪಣೆಯಾಗಿತ್ತು.

ಕಾಫಿ ಪರೀಕ್ಷೆ

ಯಲಹಂಕದಿಂದ ಒಬ್ಬ ನಿವೃತ್ತ ಮಿಲಿಟರಿಯವರು ಟೇಬಲ್ ಕೊಳ್ಳಲು ಬಂದರು. ಮೈಕಾಗೆ ಬಿಸಿ ತಾಗಿದರೂ ಏನೂ ಆಗುವುದಿಲ್ಲ ಎಂದು ಕೇಳಿದ್ದರಂತೆ. ನಾನು ತರಿಸಿಕೊಟ್ಟ ಕಾಫಿಯನ್ನೇ ಮೈಕಾ ಟೇಬಲ್ ಮೇಲೆ ಸುರಿದು, ಒರೆಸಿ, ತಲೆದೂಗಿದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮಿಕ್ಕದ್ದನ್ನು ಪಕ್ಕದ ವಿನೀರ್ ಟೇಬಲ್ ಮೇಲೂ ಸುರಿದರು. ಬಿಸಿಗೆ ಪಾಲಿಷ್ ಮೇಲೆ ಬೆಳ್ಳಗೆ ಕಲೆ ಎದ್ದಿತು.

"ಛೆ ಛೆ, ಇದು ಬೇಡ ಕಣ್ರೀ," ಅಂದರು. "ಕಲೆ ಆಗಿರೋ ಮಾಲು ಇಟ್ಕೊಂಡು ಮಾರ್ತೀರಲ್ಲ, ನಾಚ್ಕೆ ಆಗಲ್ವಾ?"

ಹಬ್ಬದ ಪಾಲಿಷ್

ನಮ್ಮ ಅಂಗಡಿಯ ಪಾಲಿಷ್ ಕೆಲಸದ ಸಾಹೇಬರ ಕೈ ಬಿದ್ದರೆ ವಿನೀರ್‌ಗೆ ಜೀವ ಬರುತ್ತಿತ್ತು. ಯಶವಂತಪುರದ ಒಬ್ಬ ಅಜ್ಜಿ ದೀಪಾವಳಿಗೆ ಟೇಬಲ್ ಪಾಲಿಷ್ ಮಾಡಿಸಲು ಅವರನ್ನು ಕರೆಸಿಕೊಂಡರು. ಹೋಗಿ ನೋಡಿದರೆ ಮೈಕಾ ಟೇಬಲ್.

"ಅಮ್ಮಾ, ಇದಕ್ಕೆ ಪಾಲಿಷ್ ಹಿಡಿಯಲ್ಲ," ಎಂದರು ಸಾಹೇಬರು.

"ಸೋಮಾರಿತನ ಮಾಡ್ಬೇಡಿ ಸಾಹೇಬ್ರೇ, ಹಬ್ಬ. ಚೆನ್ನಾಗಿ ಉಜ್ಜಿ."

ಸಾಹೇಬರು ಒದ್ದೆ ಬಟ್ಟೆಯಲ್ಲಿ ಒರೆಸಿ ಎದ್ದರು. ಅಜ್ಜಿಯ ಮುಖ ಅರಳಿತು.

"ನೋಡಿ, ಹೆಂಗೆ ಹಿಡೀತು! ಮನಸ್ಸು ಮಾಡ್ಬೇಕು ಅಷ್ಟೆ."

ಜೋಡಿ ಬಾಗಿಲು

ಕೊನೆಗೂ ಹೆಬ್ಬಾಳದ ಗಂಡ ಹೆಂಡತಿ ಬೀರು ಮಾಡಿಸಲು ಬಂದರು. ಗಂಡನಿಗೆ ಮೈಕಾ, ಹೆಂಡತಿಗೆ ವಿನೀರ್. ಯಾರು ಗೆದ್ದರೆಂದು ಬೇರೆ ಹೇಳಬೇಕೆ? ಜೋಡಿ ಬಾಗಿಲಿಗೆ ಒಂದೇ ಮರದ ಎರಡು ಹಾಳೆಗಳನ್ನು, ಪುಸ್ತಕ ಬಿಚ್ಚಿಟ್ಟ ಹಾಗೆ, ಗೆರೆಗೆ ಗೆರೆ ಎದುರಾಗುವಂತೆ ಅಂಟಿಸಿಕೊಟ್ಟೆ.

ವಾರದೊಳಗೆ ಆಕೆ ಏದುಸಿರು ಬಿಡುತ್ತಾ ಅಂಗಡಿಗೆ ಬಂದರು. "ಬಾಗ್ಲು ಬಂದು ನೋಡಿ, ಈಗ್ಲೇ!"

ಬೀರು ವಾಪಸ್ ಬಂತು, ನನ್ನ ಕಥೆ ಮುಗಿಯಿತು ಎಂದುಕೊಂಡು ಓಡಿದೆ. ನೋಡಿದರೆ ಬೀರುವಿಗೆ ಹೂವಿನ ಹಾರ, ಮುಂದೆ ದೀಪ! ಎರಡು ಬಾಗಿಲ ಗೆರೆಗಳು ಕೂಡಿದ ಕಡೆ ಅತ್ತೊಂದು ಅಗಲ ಕಿವಿ, ಇತ್ತೊಂದು ಅಗಲ ಕಿವಿ, ನಡುವೆ ಇಳಿಬಿದ್ದ ಸೊಂಡಿಲು. ಸಾಕ್ಷಾತ್ ಗಣಪತಿ. ಬೀದಿಯ ಹೆಂಗಸರೆಲ್ಲ ಕೈಮುಗಿದು ನಿಂತಿದ್ದವರು ನನ್ನನ್ನು ಕಂಡದ್ದೇ "ನಮ್ಗೂ ಇಂಥದ್ದೇ ಮಾಡ್ಕೊಡಿ" ಎಂದು ಮುತ್ತಿಕೊಂಡರು. ಒಬ್ಬರಂತೂ ತಮ್ಮ ಮನೆದೇವರು ವೆಂಕಟರಮಣ, ಅವನನ್ನೇ ಬರಿಸಬೇಕೆಂದು ಹಠ ಹಿಡಿದರು. ಅಂಗಡಿಯ ಅರ್ಧ ರಾಶಿ ಅಲ್ಲೇ ಖಾಲಿಯಾಯಿತು. ಗೆದ್ದೆ! ಎದೆಯುಬ್ಬಿಸಿಕೊಂಡು ಹೊರಟೆ.

ಗೇಟಿನ ಹತ್ತಿರ ಮನೆಯ ಯಜಮಾನರು ತಡೆದರು. ಪಕ್ಕದಲ್ಲಿ ಅವರ ಪ್ಯಾಂಟು, ಶರಟುಗಳ ಗಂಟು. ದೇವರೊಳಗೆ ಬನಿಯನ್ ಇಡುವುದುಂಟೇ ಎಂದು ಹೆಂಡತಿ ಎಲ್ಲವನ್ನೂ ಈಚೆಗೆ ಹಾಕಿದ್ದರು.

"ನಂಗೊಂದು ಬೇರೆ ಬೀರು ಬೇಕು ಸಾರ್," ಎಂದರು ಮೆಲ್ಲಗೆ. "ಮೈಕಾದಲ್ಲೇ ಮಾಡಿ. ಅದ್ರಲ್ಲಿ ಯಾವ ದೇವ್ರೂ ಬರಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"