ಒಂದಿಂಚು ಬಿಟ್ಟು ಹೇಳುವವಳ ದೂರು

‘ಅಳತೆಮಿತ್ರ’ ಯಂತ್ರ ತಯಾರಕರ ಗ್ರಾಹಕ ಸಂತೋಷ ವಿಭಾಗದ ಮುಖ್ಯಸ್ಥರ ಘನ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ವಿಭಾಗದ ಸಮಸ್ತ ಸಂತೋಷಕ್ಕೂ, ನನ್ನ ಅಂಗಡಿಯ ಗೋಡೆಯ ಮೇಲೆ ಮೂರು ತಿಂಗಳು ವಿರಾಜಮಾನವಾಗಿದ್ದು ಈಗ ಬಿಸ್ಕತ್ತಿನ ಡಬ್ಬದಲ್ಲಿ ವಿಶ್ರಾಂತಿ ಪಡೆಯುತ್ತಿರುವ ತಮ್ಮ ಬಿಳಿಯ ಯಂತ್ರಕ್ಕೂ ನನ್ನ ನಮಸ್ಕಾರಗಳು. ಡಬ್ಬದ ಮುಚ್ಚಳ ಬಿಗಿಯಾಗಿದೆ, ಅದರ ಮೇಲೆ ಇಸ್ತ್ರಿಪೆಟ್ಟಿಗೆಯನ್ನೂ ಹೇರಿದ್ದೇನೆ. ಆದ್ದರಿಂದ ಈ ಪತ್ರ ಬರೆಯುತ್ತಾ ನಾನು ಗೊಣಗಿಕೊಳ್ಳುವುದನ್ನು ಅದು ಕೇಳಿಸಿಕೊಂಡು ಊರಿಗೆಲ್ಲ ಸಂದೇಶ ಕಳಿಸಲಾರದು ಎಂಬ ಧೈರ್ಯದ ಮೇಲೆ ಮುಂದುವರಿಯುತ್ತೇನೆ.

ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಗುಟ್ಟಾಗಿಯೇ ಬರೆಯಬಹುದಿತ್ತು. ಆದರೆ ನನ್ನ ಗಿರಾಕಿಗಳ ಸೊಂಟದ ವಿಷಯವನ್ನೇ ತಾವು ಬಹಿರಂಗ ಮಾಡಿರುವಾಗ ನನ್ನ ದೂರಿಗೆ ಮಾತ್ರ ಯಾಕೆ ಲಕೋಟೆ ಅನ್ನಿಸಿತು.

ನಾನು ಹೊಲಿಗೆಯವಳು. ಈ ವಿದ್ಯೆಯನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಹಳೆಯ ಅಂಗಿಗಳ ಹೊಲಿಗೆ ಬಿಚ್ಚಿ ಮತ್ತೆ ಹಾಕಿ, ಹಾಕಿದ್ದು ಕೆಟ್ಟರೆ ಮತ್ತೆ ಬಿಚ್ಚಿ, ಹಾಗೇ ಕಲಿತೆ. ಬಾಡಿಗೆಗೆ ತಂದ ಒಂದೇ ಹೊಲಿಗೆಯಂತ್ರದಿಂದ ಶುರುಮಾಡಿ ಮೂವತ್ತು ವರ್ಷದಲ್ಲಿ ಎರಡು ಸ್ವಂತ ಯಂತ್ರ, ಒಂದು ಆಳೆತ್ತರದ ಕನ್ನಡಿ, ಕತ್ತರಿಯ ಕೆಲಸವನ್ನೂ ಕೊಂಕುಮಾತಿನ ಜವಾಬ್ದಾರಿಯನ್ನೂ ಸಮನಾಗಿ ಹೊತ್ತಿರುವ ಒಬ್ಬ ನಾದಿನಿ, ಮತ್ತು ನೂರ ನಲವತ್ತಮೂರು ಜನ ಖಾಯಂ ಗಿರಾಕಿಗಳು, ಎಲ್ಲರೂ ಹೆಂಗಸರು, ಇಷ್ಟರಮಟ್ಟಿಗೆ ಬೆಳೆದಿದ್ದೇನೆ. ತಮ್ಮ ಕಂಪನಿಯ ಮುಂದೆ ಇದೇನೂ ದೊಡ್ಡದಲ್ಲ. ಆದರೆ ನೂರ ನಲವತ್ತಮೂರು ಹೆಂಗಸರು ನನ್ನ ಮುಂದೆ ಕೈ ಅಗಲಿಸಿ ಉಸಿರು ಬಿಗಿಹಿಡಿದು ನಿಂತಿದ್ದಾರೆ. ತಮ್ಮ ಮುಂದೆ ಯಾರೂ ನಿಂತಿರಲಾರರು ಎಂದುಕೊಂಡಿದ್ದೇನೆ.

ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಟೇಪು ಸುತ್ತಿದಾಗ ಸೊಂಟ ಮೂವತ್ತೇಳು ಇದ್ದರೆ ನನ್ನ ಬಾಯಿ ಗಟ್ಟಿಯಾಗಿ ಮೂವತ್ತಾರು ಅನ್ನುತ್ತದೆ, ನನ್ನ ಕೈ ಸದ್ದಿಲ್ಲದೆ ಅಳತೆಪುಸ್ತಕದಲ್ಲಿ ಮೂವತ್ತೇಳು ಎಂದು ಬರೆದುಕೊಳ್ಳುತ್ತದೆ. ಕೇಳಿದವರು ಬಿಗಿಹಿಡಿದ ಉಸಿರನ್ನು ಬಿಡುತ್ತಾರೆ, ಬಟ್ಟೆ ಪುಸ್ತಕದ ಪ್ರಕಾರ ಹೊಲಿಯಲ್ಪಡುತ್ತದೆ, ಮೈಗೆ ಹದವಾಗಿ ಕೂರುತ್ತದೆ. ಎರಡು ಇಂಚು ಬಿಟ್ಟು ಹೇಳಿದರೆ ಮುಖಸ್ತುತಿ, ಒಂದೂ ಬಿಡದಿದ್ದರೆ ಒರಟುತನ. ಒಂದಿಂಚು ಎಂಬುದು ದಾಕ್ಷಿಣ್ಯ. ಮೂವತ್ತು ವರ್ಷದಿಂದ ನನ್ನ ಬಾಯಿಗೂ ಕೈಗೂ ಈ ವಿಷಯದಲ್ಲಿ ಮಾತುಕತೆಯೇ ಇಲ್ಲ, ಎರಡೂ ತಮ್ಮತಮ್ಮ ಪಾಡಿಗೆ ಕೆಲಸ ಮಾಡಿಕೊಂಡು ಹೋಗುತ್ತಿದ್ದವು.

ಅಂಥ ಸಂಸಾರದೊಳಗೆ ತಾವು ಬಂದಿರಿ. ಕೋಟು ತೊಟ್ಟು, ಎದೆಗೆ ಕೈಕಟ್ಟಿ ತಾವು ನಿಂತಿರುವ ಜಾಹೀರಾತಿನಲ್ಲಿ ‘ನೀವು ಹೇಳಿ, ನಾವು ಬರೆದುಕೊಳ್ಳುತ್ತೇವೆ’ ಎಂದಿತ್ತು. ಸೋಪುಪೆಟ್ಟಿಗೆಯಷ್ಟು ದೊಡ್ಡ ಯಂತ್ರವನ್ನು ಗೋಡೆಗೆ ತೂಗುಹಾಕಿದರೆ ಸಾಕು, ನಾನು ಟೇಪು ಹಿಡಿದು ಅಳತೆ ಹೇಳುತ್ತಾ ಹೋದ ಹಾಗೆ ಅದು ಕೇಳಿಸಿಕೊಂಡು, ಗಿರಾಕಿಯ ಹೆಸರಿನಲ್ಲಿ ಜೋಡಿಸಿಟ್ಟು, ಬಟ್ಟೆ ಕತ್ತರಿಸುವುದಕ್ಕೆ ಚೀಟಿಯನ್ನೂ ಮುದ್ರಿಸಿ ಕೊಡುತ್ತದೆ, ಇನ್ನು ಪುಸ್ತಕದ ಜಂಜಾಟವಿಲ್ಲ ಎಂದಿತ್ತು. ನನಗೂ ಕನ್ನಡಕದ ನಂಬರು ಏರಿದೆ. ತರಿಸಿದೆ. ಅಳತೆಪುಸ್ತಕವನ್ನು ಎರಡನೆಯ ಹೊಲಿಗೆಯಂತ್ರದ ಕುಂಟು ಕಾಲಿನ ಕೆಳಗೆ ಇಟ್ಟೆ. ಯಂತ್ರ ಅಲುಗಾಡುವುದು ನಿಂತಿತು. ತಮ್ಮ ಉತ್ಪನ್ನದಿಂದ ನನಗಾದ ಒಂದೇ ಒಂದು ನಿರ್ವಿವಾದ ಉಪಕಾರ ಅದು, ದಯವಿಟ್ಟು ದಾಖಲಿಸಿಕೊಳ್ಳಿ.

ಇಷ್ಟು ಹೊತ್ತಿಗೆ ಏನಾಗಿರಬಹುದೆಂದು ಓದುವ ನಾಲ್ಕು ಜನಕ್ಕೆ ಹೊಳೆದಿರುತ್ತದೆ. ನನಗೆ ಹೊಳೆಯಲು ಮೂರು ತಿಂಗಳು ಬೇಕಾಯಿತು. ನನ್ನ ಬಾಯಿ ಎಂದಿನಂತೆ ಒಂದಿಂಚು ಬಿಟ್ಟು ಹೇಳಿತು. ಬರೆದುಕೊಳ್ಳುವ ಕೆಲಸ ಹೋಗಿದ್ದರಿಂದ ಕೈ ಸುಮ್ಮನೆ ಕೂತಿತು. ತಮ್ಮ ಯಂತ್ರ ನಾನು ಹೇಳಿದ್ದನ್ನು ಹೇಳಿದ ಹಾಗೇ, ಒಂದಕ್ಷರ ತಪ್ಪದೆ ಬರೆದುಕೊಂಡಿತು. ಅದರ ಈ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಸಾಲದು. ಮೂವತ್ತು ವರ್ಷದ ಮೇಲೆ ನನ್ನ ಮಾತನ್ನು ಪೂರ್ತಿ ನಂಬಿದ ಮೊದಲ ಜೀವ ಅದು. ನಮ್ಮ ಯಜಮಾನರಿಗೂ ಆ ಮಟ್ಟದ ನಂಬಿಕೆ ಇಲ್ಲ.

ಚೀಟಿ ನೋಡಿ ಬಟ್ಟೆ ಕತ್ತರಿಸುವವಳು ನನ್ನ ನಾದಿನಿ. ಎರಡನೆಯ ತಿಂಗಳಲ್ಲೇ ಅವಳು ಕತ್ತರಿ ಕೆಳಗಿಟ್ಟು, “ಅತ್ತಿಗೆ, ಈ ಬೀದಿ ಹೆಂಗಸರೆಲ್ಲ ಒಟ್ಟಿಗೆ ಮಾತಾಡ್ಕೊಂಡು ಸಣ್ಣಗಾಗಿದ್ದಾರಾ?” ಎಂದಳು. ಈಗಿನ ಕಾಲ ಹಾಗಿದೆ, ಜನ ಬೆಳಿಗ್ಗೆ ಎದ್ದು ಬಿರಬಿರನೆ ನಡೆಯುತ್ತಾರೆ ಎಂದು ನಾನು ಬುದ್ಧಿ ಹೇಳಿದೆ. “ನಡೀತಾರೆ, ನಡೀತಾರೆ. ಬೇಕರಿವರೆಗೂ ನಡೀತಾರೆ,” ಎಂದು ಅವಳು ಮತ್ತೆ ಕತ್ತರಿ ಎತ್ತಿಕೊಂಡಳು. ಅವಳ ಮಾತಿಗೆ ಬೆಲೆ ಕೊಡದಿದ್ದುದು ನನ್ನ ತಪ್ಪು. ಅವಳು ಅದನ್ನು ದಿನಕ್ಕೆರಡು ಬಾರಿ ಜ್ಞಾಪಿಸುತ್ತಿದ್ದಾಳೆ, ಆ ಸೇವೆಗೆ ತಮ್ಮ ಅಪ್‌ಡೇಟಿನ ಅಗತ್ಯವಿಲ್ಲ. ಬಟ್ಟೆ ಬಿಗಿಯಾಗಿದೆ ಎಂದು ಒಬ್ಬರಾದರೂ ಬಂದು ಜಗಳವಾಡಿದ್ದರೆ ನನಗೆ ಎಚ್ಚರವಾಗುತ್ತಿತ್ತು. ಯಾರೂ ಬರಲಿಲ್ಲ. ಮೂವತ್ತು ವರ್ಷ ತಪ್ಪದ ಕೈ ತಪ್ಪೀತು ಎಂದು ಯಾರಿಗೂ ತೋಚಲಿಲ್ಲ. ತಾವೇ ದಪ್ಪಗಾಗಿದ್ದೇವೆಂದು ತಿಳಿದು ಹನ್ನೊಂದು ಜನ ಸದ್ದಿಲ್ಲದೆ ಒಂದು ಹೊತ್ತಿನ ಊಟ ಬಿಟ್ಟಿದ್ದರು ಎಂದು ಆಮೇಲೆ ತಿಳಿಯಿತು.

ಈಗ ಲೆಕ್ಕದ ಮೇಡಂ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮಿಕ್ಕ ದೂರನ್ನೆಲ್ಲ ನುಂಗಿಕೊಂಡರೂ ಇದನ್ನು ನುಂಗಲಾರೆ. ಅವರು ಇಲ್ಲಿನ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು. ನನಗೆ ಇಪ್ಪತ್ತೆರಡು ವರ್ಷದ ಗಿರಾಕಿ. ಅಂಗಡಿಗೆ ಬೋರ್ಡು ಇಲ್ಲದ ಕಾಲದಲ್ಲಿ ಬಂದವರು, ಸಹೋದ್ಯೋಗಿಗಳನ್ನೆಲ್ಲ ಕರೆತಂದವರು, ನನಗೆ ಭಿನ್ನರಾಶಿ ಕಲಿಸಿದವರು. ಮುಕ್ಕಾಲು ಇಂಚಿನಲ್ಲಿ ಎಂಟನೆಯ ಒಂದು ಭಾಗ ಕಳೆಯುವುದನ್ನು ನಾನು ಕಲಿತದ್ದು ಅವರ ತೋಳಿನ ಅಳತೆಯ ಮೇಲೆಯೇ. ಹೊಲಿದ ಬಟ್ಟೆಯನ್ನು ಅವರು ಒಮ್ಮೆಯೂ ತೊಟ್ಟು ನೋಡಿ ಒಯ್ದವರಲ್ಲ. ಕನ್ನಡಿ ತೋರಿಸಿದರೆ “ನೀನು ನೋಡಿದೀಯಲ್ಲ, ಸಾಕು” ಎನ್ನುತ್ತಿದ್ದರು. ನಿವೃತ್ತಿಯ ದಿನಕ್ಕೆಂದು ಒಂದು ಬೂದುಬಣ್ಣದ ಕೋಟು ಹೇಳಿದರು. ಎದೆ ಸುತ್ತಳತೆ ನಲವತ್ತಮೂರು. ಬಾಯಿ ನಲವತ್ತೆರಡು ಎಂದಿತು, ಗೋಡೆ ನಲವತ್ತೆರಡು ಎಂದು ಬರೆದುಕೊಂಡಿತು. ಇದರ ಜೊತೆಗೆ ತಮ್ಮ ಯಂತ್ರ ತಾನಾಗಿಯೇ ‘ಬಟ್ಟೆ ಉಳಿತಾಯ’ ಎಂಬ ಸೌಲಭ್ಯವನ್ನು ಶುರುಮಾಡಿ, ಮುಂದೆ ಸಡಿಲಿಸಬೇಕಾದೀತೆಂದು ಹೊಲಿಗೆಯ ಒಳಗೆ ನಾನು ಬಿಡುತ್ತಿದ್ದ ಹೆಚ್ಚುವರಿ ಬಟ್ಟೆಯನ್ನೂ ಚೀಟಿಯಿಂದ ತೆಗೆದುಹಾಕಿತ್ತು. ಉಳಿದ ಆ ಬಟ್ಟೆಯ ಚೂರನ್ನು ಜೋಪಾನವಾಗಿ ಇಟ್ಟಿದ್ದೇನೆ. ತಮ್ಮ ಕಣ್ಣೊರೆಸಿಕೊಳ್ಳಲು ಬೇಕಾದರೆ ಕಳುಹಿಸುತ್ತೇನೆ.

ಸಮಾರಂಭದಲ್ಲಿ ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಭಾಷಣಗಳೆಲ್ಲ ಮುಗಿದ ಮೇಲೆ, ಕಡೆಯದಾಗಿ ಒಂದು ಲೆಕ್ಕ ಬಿಡಿಸಿ ತೋರಿಸಬೇಕೆಂದು ಎಲ್ಲರೂ ಒತ್ತಾಯ ಮಾಡಿದರು. ವೇದಿಕೆಯ ಮೇಲೆ ಕರಿಹಲಗೆ ಇತ್ತು. ಮೇಡಂ ಸೀಮೆಸುಣ್ಣ ಹಿಡಿದು ಹಲಗೆಯ ಮೇಲ್ತುದಿಗೆ ಬಲಗೈ ಎತ್ತಿದರು. ಕಂಕುಳಿನ ಹೊಲಿಗೆ ಬಿಟ್ಟ ಸದ್ದು, ಮಾನ್ಯರೇ, ಸಭೆಯಲ್ಲಿ ಎಷ್ಟು ಜನಕ್ಕೆ ಕೇಳಿಸಿತೋ ಕಾಣೆ, ನನಗೆ ಕೇಳಿಸಿತು. ನಡುವಿನ ಗುಂಡಿ ಹಾರಿ ಮುಂದಿನ ಸಾಲಿನಲ್ಲಿದ್ದ ಶಿಕ್ಷಣಾಧಿಕಾರಿಗಳ ತೊಡೆಯ ಮೇಲೆ ಬಿತ್ತು. ಎಲ್ಲೋ ಹಿಂದೆ ಯಾರೋ ಕಿಸಕ್ಕೆಂದರು. ಮೇಡಂ ಬಲತೋಳನ್ನು ಪಕ್ಕೆಗೆ ಅವುಚಿಕೊಂಡು, ಎಡಗೈಗೆ ಸುಣ್ಣ ಬದಲಿಸಿಕೊಂಡು, ಸೊಟ್ಟಸೊಟ್ಟ ಅಂಕಿಗಳಲ್ಲಿ ಲೆಕ್ಕವನ್ನು ಕೊನೆಯವರೆಗೆ ಬಿಡಿಸಿಯೇ ಕೆಳಗಿಳಿದರು. ಉತ್ತರ ಸರಿಯಾಗಿತ್ತಂತೆ. ಅವರು ನನ್ನ ಸಾಲಿನ ಕಡೆ ನೋಡಲಿಲ್ಲ.

ಅವತ್ತೇ ಹೊಲಿಗೆಯಂತ್ರದ ಕಾಲಿನಡಿಯಿಂದ ಪುಸ್ತಕ ಎಳೆದು ಚೀಟಿಗಳ ಜೊತೆ ತಾಳೆ ನೋಡಿದೆ. ಎಲ್ಲಿ ನೋಡಿದರೂ ಒಂದಿಂಚು. ಆಗಿನ ನನ್ನ ಅವಸರದ ಬುದ್ಧಿಗೆ ತೋಚಿದ್ದೇನೆಂದರೆ, ತಮ್ಮ ಯಂತ್ರದಲ್ಲಿದ್ದ ಅಳತೆಗಳನ್ನೆಲ್ಲ ಒಂದೇ ದಿನ ಕೂತು ತಿದ್ದಿಬಿಡುವುದು. ನೂರ ನಲವತ್ತಮೂರು ಹೆಸರು, ಪ್ರತಿಯೊಂದಕ್ಕೂ ಬಿಟ್ಟಿದ್ದ ಇಂಚನ್ನು ವಾಪಸು ಸೇರಿಸಿದೆ. ಮಾರನೆಯ ಬೆಳಿಗ್ಗೆ ತಮ್ಮ ಯಂತ್ರ ನನ್ನನ್ನು ಒಂದು ಮಾತೂ ಕೇಳದೆ ಅಷ್ಟೂ ಜನರ ಫೋನಿಗೆ ಬಣ್ಣದ ಕಾಗದದ ಚೂರುಗಳು ಉದುರುವ ಚಿತ್ರದ ಸಮೇತ ಸಂದೇಶ ಕಳಿಸಿತು: ‘ಅಭಿನಂದನೆಗಳು! ಒಂದೇ ದಿನದಲ್ಲಿ ನೀವು ಒಂದು ಇಂಚು ಬೆಳೆದಿದ್ದೀರಿ! ಸೊಂಟದ ಸುತ್ತಳತೆಯಲ್ಲಿ ನಿಮ್ಮ ಬೀದಿಯಲ್ಲಿ ನಿಮ್ಮ ಸ್ಥಾನ...’

ಸ್ಥಾನ, ಮಾನ್ಯರೇ. ಸ್ಥಾನ ಕೊಟ್ಟಿರಿ. ಎದುರುಮನೆಯ ದಾದಿಗೆ ಹನ್ನೊಂದನೆಯ ಸ್ಥಾನ, ಅವರ ಓರಗಿತ್ತಿಗೆ ಹನ್ನೆರಡನೆಯದು. ಒಂದೇ ಸೂರಿನಡಿ ಒಂದು ಸ್ಥಾನದ ಅಂತರದಲ್ಲಿ ಬದುಕುವುದು ಎಂಥದೆಂದು ತಮ್ಮ ಇಂಜಿನಿಯರುಗಳಿಗೆ ಅನುಭವವಿದ್ದಂತಿಲ್ಲ. ಮೊದಲನೆಯ ಸ್ಥಾನ ಬಂದವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವರು ಮುಂದಿನ ಕ್ರಾಸಿನ ದರ್ಜಿಯ ಹತ್ತಿರ ಹೋಗುತ್ತಿದ್ದಾರೆ.

ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಒಂದು ಒತ್ತಿ, ನಾಲ್ಕು ಒತ್ತಿ, ಚೌಕ ಒತ್ತಿ ಎಂದು ಅರ್ಧ ಗಂಟೆ ನನ್ನ ಬೆರಳಿಗೆ ವ್ಯಾಯಾಮ ಮಾಡಿಸಿದ ಮೇಲೆ ಸಕ್ಕರೆಯಂಥ ದನಿಯ ಹೆಣ್ಣುಮಗಳು ಸಿಕ್ಕಳು. ಎಲ್ಲವನ್ನೂ ಹೇಳಿದೆ. ಯಂತ್ರ ನೀವು ಹೇಳಿದ್ದನ್ನೇ ಬರೆದಿದೆಯಲ್ಲ, ತಪ್ಪೆಲ್ಲಿದೆ ಎಂದಳು. ನಿಜ, ತಪ್ಪಿಲ್ಲ, ಅದಕ್ಕೆ ಒಂಚೂರು ದಾಕ್ಷಿಣ್ಯ ಬೇಕಾಗಿತ್ತು ಅಷ್ಟೇ ಎಂದೆ. ಅವಳು ಸ್ವಲ್ಪ ಹೊತ್ತು ಏನೇನೋ ಟಕಟಕ ಒತ್ತಿ ಹುಡುಕಿ, “ದಾಕ್ಷಿಣ್ಯ ಯಾವ ಸೆಟ್ಟಿಂಗಲ್ಲಿ ಬರುತ್ತೆ ಮೇಡಂ?” ಎಂದು ಕೇಳಿದಳು. ಪಾಪ, ಅವಳ ತಪ್ಪಲ್ಲ. ಅವಳಿಗೆ ಐದು ನಕ್ಷತ್ರ ಕೊಟ್ಟೆ. ಅದೂ ದಾಕ್ಷಿಣ್ಯಕ್ಕೇ.

ಆದ್ದರಿಂದ ನೇರವಾಗಿ ತಮ್ಮಲ್ಲೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಕಳಿಸಿದ ಸಂದೇಶವನ್ನು ಫೋನುಗಳಿಂದ ಅಳಿಸಿದ್ದೇವೆ ಎಂದು ನನ್ನ ಫೋನಿನ ಮೇಲೆ ತಾವು ಆಮೇಲೆ ತಿಳಿಸಿದ್ದೀರಿ. ಓದಿದವರ ತಲೆಯಿಂದಲೂ ಅಳಿಸಿಕೊಡುವ ಕೃಪೆ ಮಾಡಬೇಕು, ಓರಗಿತ್ತಿಯರಿಂದ ಶುರುಮಾಡಿದರೆ ಒಳ್ಳೆಯದು. ಮುಂದಿನ ಅಪ್‌ಡೇಟಿನಲ್ಲಿ ಯಂತ್ರಕ್ಕೆ ಒಂದು ಸೊಂಟವನ್ನು ಒದಗಿಸಬೇಕು, ವರ್ಷಾವರ್ಷ ಅದು ಸ್ವಲ್ಪ ಸ್ವಲ್ಪ ಅಗಲವಾಗುವ ವ್ಯವಸ್ಥೆಯೂ ಇರಬೇಕು. ಆಗ ಅದಕ್ಕೆ ಯಾವುದನ್ನು ಕೇಳಿಸಿಕೊಳ್ಳಬೇಕು, ಯಾವುದಕ್ಕೆ ಕಿವುಡಾಗಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಊಟ ಬಿಟ್ಟ ಹನ್ನೊಂದು ಜನರ ಮನೆಗೆ ತಾವೇ ಹೋಗಿ ಎದುರಿಗೆ ಕೂತು ಉಣ್ಣಿಸಬೇಕು. ಮತ್ತು ನನ್ನ ಗಿರಾಕಿಗಳ ಅಳತೆಗಳನ್ನು ತಮ್ಮ ಯಾವ ಮೋಡದಲ್ಲಿ ಇಟ್ಟಿದ್ದೀರೋ ಅಲ್ಲಿಂದ ಇಳಿಸಿ ಪೂರ್ತಿ ಸುಟ್ಟುಹಾಕಬೇಕು. ಈ ಕೊನೆಯದು ಮಾತ್ರ ತಮಾಷೆಯಲ್ಲ.

ಇನ್ನೂ ಒಂದು ಕೋರಿಕೆ ಇತ್ತು. ತಮ್ಮ ಯಂತ್ರ ಸ್ವತಃ ಲೆಕ್ಕದ ಮೇಡಂ ಮನೆ ಬಾಗಿಲಿಗೆ ಹೋಗಿ ತಪ್ಪಾಯಿತು ಎನ್ನಬೇಕು ಎಂಬುದು. ಹದಿನೇಳು ದಿನ ಅವರು ನನ್ನ ಅಂಗಡಿಯ ಎದುರಿನ ಕಾಲುದಾರಿಯಲ್ಲಿ, ತಲೆ ತಿರುಗಿಸದೆ ನಡೆದುಹೋದರು. ಎರಡು ಸಲ ನಾನೇ ಟೇಪನ್ನು ಕೊರಳಿಗೆ ಹಾಕಿಕೊಂಡೇ ಅವರ ಗೇಟಿನವರೆಗೆ ಹೋಗಿ ವಾಪಸು ಬಂದೆ.

ಆ ಕೋರಿಕೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಅವರೇ ಬಂದರು. ಹರಿದ ಕೋಟನ್ನು ಮೇಜಿನ ಮೇಲಿಟ್ಟು ಮೊದಲು ಗೋಡೆ ನೋಡಿದರು. ಅಲ್ಲಿ ಬರೀ ಮೊಳೆ ಇತ್ತು. ನಾನು ಒಂದಿಂಚಿನ ಪುರಾಣವನ್ನೆಲ್ಲ ಒಪ್ಪಿಸಿ, ಇಪ್ಪತ್ತೆರಡು ವರ್ಷ ನಿಮಗೆ ಸುಳ್ಳು ಹೇಳಿದೆ ಮೇಡಂ ಎಂದೆ. ಅವರು, “ಲೆಕ್ಕ ಕಲಿಸೋಳಿಗೆ ಒಂದಿಂಚು ಗೊತ್ತಾಗಲ್ವೇನೇ? ನಮ್ಮನೇಲೂ ಟೇಪಿದೆ” ಎಂದರು. ಮೊದಲನೆಯ ವರ್ಷದಿಂದಲೇ ಗೊತ್ತಿತ್ತಂತೆ. ಶಾಲೆಯಲ್ಲಿ ಇಡೀ ದಿನ ತಪ್ಪು ಉತ್ತರಕ್ಕೆ ಕೆಂಪು ಗೀಟು ಎಳೆದು ಬಂದ ಮೇಲೆ, ಇಲ್ಲಿ ನಿಂತು ಒಂದು ತಪ್ಪು ಉತ್ತರ ಕೇಳಿಸಿಕೊಂಡು ಹೋಗುವುದು ಹಿತವಾಗಿತ್ತಂತೆ. ಕೋಟು ಹರಿದದ್ದಕ್ಕೆ ಅವರಿಗೆ ಸಿಟ್ಟಿರಲಿಲ್ಲ. ನಾದಿನಿ ಕೊಟ್ಟ ನೀರು ಕುಡಿದು ಲೋಟ ಕೆಳಗಿಟ್ಟು, ಮೆಲ್ಲಗೆ, “ನನ್ನೆದುರು ಬಾಯಿ ಬಿಟ್ಟು ಹೇಳದೇ ಇದ್ದ ಆ ಒಂದಿಂಚನ್ನ ಗೋಡೆಗೆ ಹೇಳಿದೆಯಲ್ಲ, ಅದು ನನ್ನ ಫೋನಿಗೆ ಹೇಳ್ತು” ಎಂದರು. ಅಷ್ಟೇ.

ಆಮೇಲೆ ಎದ್ದು ಕನ್ನಡಿಯ ಮುಂದೆ ಕೈ ಅಗಲಿಸಿ ನಿಂತರು. ನಾನು ಟೇಪು ಸುತ್ತಿದೆ. ನಲವತ್ತಮೂರೂವರೆ ಇತ್ತು. ಎಷ್ಟು ಎಂದು ಕೇಳಿದರು. ನಾದಿನಿ ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದಳು. ನಲವತ್ತೆರಡೂವರೆ ಎಂದೆ. “ಸರಿಯಾಗಿದೆ, ಬರ್ಕೋ” ಎಂದು ಮೇಡಂ ಉಸಿರು ಬಿಟ್ಟರು. ನನ್ನ ಕೈ ಪುಸ್ತಕ ತೆರೆದು ತನಗೆ ಗೊತ್ತಿದ್ದುದನ್ನು ಬರೆದುಕೊಂಡಿತು.

ಇತಿ, ಗಟ್ಟಿಯಾಗಿ ಹೇಳದೆ ಉಳಿಸಿಕೊಂಡ ಎಲ್ಲ ಗೌರವಗಳೊಂದಿಗೆ,

ತಮ್ಮ ವಿಶ್ವಾಸಿ,
ಬಿಸ್ಕತ್ತಿನ ಡಬ್ಬದ ಒಡತಿಯಾದ ಹೊಲಿಗೆಯವಳು

ಮರೆತ ಮಾತು: ಎರಡನೆಯ ಹೊಲಿಗೆಯಂತ್ರ ಮತ್ತೆ ಅಲುಗಾಡುತ್ತಿದೆ. ಅದರ ಕಾಲಿನ ಕೆಳಗೆ ಇಡಲು ತಮ್ಮ ಯಂತ್ರದ ಎತ್ತರ ಸರಿಹೋಗುತ್ತದೆಯೇ ಎಂದು ನೋಡುತ್ತಿದ್ದೇನೆ. ಅಂದಹಾಗೆ, ಜಾಹೀರಾತಿನಲ್ಲಿ ತಾವು ತೊಟ್ಟಿರುವ ಕೋಟು ಹೊಟ್ಟೆಯ ಹತ್ತಿರ ಎರಡಿಂಚು ಬಿಗಿ. ತಾವು ಕೈಕಟ್ಟಿ ನಿಂತಿರುವುದು ಗಾಂಭೀರ್ಯಕ್ಕಲ್ಲ, ಗುಂಡಿ ಕೂರುತ್ತಿಲ್ಲ ಎಂಬುದಕ್ಕೆ ಎಂದು ನಾದಿನಿಯೂ ನಾನೂ ಒಮ್ಮತಕ್ಕೆ ಬಂದಿದ್ದೇವೆ. ಬನ್ನಿ, ಸಡಿಲಿಸಿ ಕೊಡುತ್ತೇನೆ. ಎಲ್ಲರಿಗೂ ಒಂದಿಂಚು ಬಿಟ್ಟು ಹೇಳುವವಳು, ನಿಖರತೆಯ ಮೇಲಿನ ತಮ್ಮ ಪ್ರೀತಿಯನ್ನು ಗೌರವಿಸಿ, ತಮ್ಮ ಅಳತೆಯನ್ನು ಮಾತ್ರ ಇದ್ದದ್ದನ್ನು ಇದ್ದ ಹಾಗೆ, ಬಾಗಿಲು ತೆರೆದಿಟ್ಟು, ಎದುರುಮನೆಯ ಓರಗಿತ್ತಿಯರಿಗೂ ಕೇಳಿಸುವಂತೆ ಹೇಳುತ್ತೇನೆ.