ಡಾಕ್ಟರ ಅಚ್ಚಿಗೆ ನಾನು ಮಾಡಿದ ಆಲ್ಟರೇಷನ್

ಬರೆದುಕೋ ಪುಟ್ಟಿ, ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆ. ನಿನ್ನ ತಿದ್ದುಪಡಿ ಬೇಡ. ತಿದ್ದೋದಕ್ಕೆ ಈ ಮನೆಯಲ್ಲಿ ನಾನೊಬ್ಬಳು ಸಾಕು.

ನನ್ನ ಮುಂದಿನ ಹಲ್ಲು ಹೋಯಿತಲ್ಲ, ಅದು ಸಾಮಾನ್ಯ ಹಲ್ಲಲ್ಲ. ನಲವತ್ತು ವರ್ಷ ನಮ್ಮ ಹೊಲಿಗೆ ಅಂಗಡಿಯಲ್ಲಿ ದಾರ ಕಡಿದ ಹಲ್ಲು! ಕತ್ತರಿಯಾದರೆ ಬಟ್ಟೆ ರಾಶಿಯಲ್ಲಿ ಹುಡುಕಬೇಕು. ಹಲ್ಲು ಬಾಯಲ್ಲೇ ಇರುತ್ತದೆ. ಅದು ಬಿದ್ದ ದಿನವೇ ಶಪಥ ಮಾಡಿದೆ: ಅದೇ ಜಾಗದಲ್ಲಿ ಹೊಸ ಹಲ್ಲು ನಿಲ್ಲಬೇಕು, ನೂಲೆಳೆಯಷ್ಟೂ ಆಚೀಚೆ ಆಗಕೂಡದು.

"ಈ ವಯಸ್ಸಲ್ಲಿ ದವಡೆಗೆ ಮೊಳೆ ಹೊಡೆಸಿ ಹಲ್ಲು ಕೂರಿಸೋದು ಯಾಕೇ? ತೆಗೆದು ಹಾಕೋ ಸೆಟ್ ಸಾಕು" ಅಂದರು ನಿಮ್ಮ ತಾತ.

"ಹಲ್ಲನ್ನ ಲೋಟದಲ್ಲಿ ಮಲಗಿಸೋ ಸಂಸಾರ ನಿಮಗೇ ಇರಲಿ ರೀ" ಅಂದೆ.

ಹಲ್ಲಿನ ಡಾಕ್ಟರು ನಮ್ಮ ಅಂಗಡಿ ಗಿರಾಕಿಯೇ. ಅದರ ಹಿಂದಿನ ತಿಂಗಳು ನಾನು ಹೊಲಿದ ಬಿಳಿ ಕೋಟನ್ನು ಮನೆಯಲ್ಲೇ ಬಿಚ್ಚಿ ಸಡಿಲ ಮಾಡಿಕೊಂಡು, ಜೋಲು ಬಿತ್ತು ಅಂತ ಬಂದಿದ್ದರು. ಬಿಟ್ಟೆನಾ? ಗೋಡೆಯ ಬೋರ್ಡು ಜೋರಾಗಿ ಓದಿಸಿದೆ: "ಮನೆಯಲ್ಲಿ ತಿದ್ದಿದ ಬಟ್ಟೆಗೆ ನಾವು ಜವಾಬ್ದಾರರಲ್ಲ." ಪಾಪ, ಕಿವಿಯೆಲ್ಲ ಕೆಂಪಾಗಿತ್ತು.

ಆ ಡಾಕ್ಟರು ಕಂಪ್ಯೂಟರಿನಲ್ಲಿ ನನ್ನ ದವಡೆ ತೋರಿಸಿದರು. (ಒಳಗಿಂದ ನಾನು ಅಷ್ಟೇನೂ ಚೆನ್ನಾಗಿಲ್ಲ.)

"ಅಜ್ಜಿ, ಮೊಳೆ ಎಲ್ಲಿ, ಎಷ್ಟು ಆಳ, ಎಲ್ಲಾ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಲ್ಯಾಬಿನವನ ಹತ್ತಿರ ಈ ಪ್ಲಾಸ್ಟಿಕ್ ಅಚ್ಚು ಮಾಡಿಸಿದ್ದೀನಿ. ಹಲ್ಲುಗಳ ಮೇಲೆ ಕೂರಿಸಿ, ಈ ತೂತಿನಲ್ಲೇ ಡ್ರಿಲ್ ಇಳಿಸ್ತೀನಿ. ತಪ್ಪಿದ್ರೂ ಒಂದು ಮಿಲಿಮೀಟರ್ ಅಷ್ಟೆ."

"ಅಷ್ಟೇನಾ? ಕಾಲರಿನಲ್ಲಿ ಅಷ್ಟು ತಪ್ಪಿದ್ರೆ ಗಿರಾಕಿ ನನ್ನ ಕಾಲರ್ ಹಿಡೀತಾನೆ ಡಾಕ್ಟ್ರೇ!"

ಅಚ್ಚು ಹಾಕಿ ನೋಡಿದರು. ಬಿಗಿ ಅಂದೆ. ಬಿಗಿಯಾಗೇ ಇರಬೇಕು ಅಂದರು. ಮನೆಯಲ್ಲಿ ಹಾಕಿ ಅಭ್ಯಾಸ ಮಾಡಿಕೊಳ್ಳುತ್ತೇನೆ, ಕೊಡದಿದ್ದರೆ ಕುರ್ಚಿ ಬಿಟ್ಟು ಏಳಲ್ಲ ಅಂತ ಪಟ್ಟು ಹಿಡಿದು ಕೂತೆ. ಹೊರಗೆ ಏಳು ಜನ ಕೆನ್ನೆ ಊದಿಸಿಕೊಂಡು ಕಾಯುತ್ತಿದ್ದರು, ಕೊಟ್ಟರು.

ಬಿಗಿ ಹೊಲಿಗೆ ಅಂದರೆ ತಪ್ಪು ಅಳತೆ. ಇದು ನನ್ನ ಕಸುಬಿನ ನ್ಯಾಯ. ಅಚ್ಚನ್ನು ಬಿಸಿನೀರಿನಲ್ಲಿ ಅದ್ದಿ ಸ್ವಲ್ಪ ಅಗಲಿಸಿದೆ, ಒಳಗೆ ಉಗುರಿನ ಅರದಿಂದ ನಾಲ್ಕು ಸಲ ಉಜ್ಜಿದೆ. ಆಹಾ, ಹಳೇ ಚಪ್ಪಲಿ ಹಾಗೆ ಹಿತವಾಗಿ ಕೂತಿತು.

ಆಪರೇಷನ್ ದಿನ ಅಚ್ಚು ಬಾಯಲ್ಲಿ ಕುಂಟು ಮೇಜಿನ ಹಾಗೆ ಅಲ್ಲಾಡಿತು. ಡಾಕ್ಟರು ಬೆವರಿದರು. ಕಂಪ್ಯೂಟರ್ ನೋಡಿದರು, ನನ್ನ ಬಾಯಿ ನೋಡಿದರು, ಕೊನೆಗೆ ಅಚ್ಚು ಮಾಡಿದವನಿಗೆ ಫೋನ್ ಮಾಡಿ ಬಯ್ಯತೊಡಗಿದರು. ಯಂತ್ರದ ಗರ್ವ ಮುರಿಯಿತು ಅಂತ ಒಳಗೊಳಗೇ ಹಿಗ್ಗಿದೆ ನೋಡು! ಆದರೆ ಆ ಕಡೆ ಆ ಬಡಪಾಯಿ "ಅಳತೆ ಸರಿಯಾಗೇ ಇತ್ತು ಸಾರ್" ಅಂತ ಗೋಗರೆಯುವುದು ಕೇಳಿಸಿತು. ಎಷ್ಟು ಸಲ ಗಿರಾಕಿಗಳಿಗೆ ನಾನೇ ಹೇಳಿದ ಮಾತು ಅದು! ತಡೆಯಲಾಗಲಿಲ್ಲ.

"ಅವನನ್ನ ಬಯ್ಯಬೇಡಿ ಡಾಕ್ಟ್ರೇ. ನಾನೇ... ಒಂಚೂರು ಸಡಿಲ ಮಾಡ್ದೆ."

ಡಾಕ್ಟರು ಫೋನ್ ಇಟ್ಟರು. ಎದ್ದು ನಿಂತು ಆ ಜೋಲು ಕೋಟನ್ನು ಕೊಡವಿದರು.

"ಅಜ್ಜಿ, ನಿಮ್ಮ ಬೋರ್ಡಿನಲ್ಲಿ ಏನಿದೆ? ಜೋರಾಗಿ ಹೇಳಿ."

ಹೇಳಿದೆ. ಹಲ್ಲಿಲ್ಲದ ಸಂದಿನಿಂದ ಮುಕ್ಕಾಲು ಭಾಗ ಗಾಳಿಯೇ ಬಂತು.

ಹೊಸ ಅಚ್ಚು ಬಂತು, ಅದನ್ನು ನನಗೆ ಮುಟ್ಟಲೂ ಬಿಡಲಿಲ್ಲ. ಕೆಲವು ತಿಂಗಳ ಮೇಲೆ ಹಲ್ಲೂ ಬಂತು. ಟೇಪು ಹಿಡಿದು ನೋಡಿದೆ. ಕೂದಲೆಳೆ ಆಚೀಚೆ ಇಲ್ಲ. ಗೆದ್ದೆ ಅಂತ ಕುರ್ಚಿಯಿಂದ ಎದ್ದರೆ ಎದುರು ಗೋಡೆಯಲ್ಲಿ ಹೊಸ ಬೋರ್ಡು: "ಮನೆಯಲ್ಲಿ ತಿದ್ದಿದ ಅಚ್ಚಿಗೆ, ದಾರ ಕಡಿದ ಹಲ್ಲಿಗೆ ನಾವು ಜವಾಬ್ದಾರರಲ್ಲ."

ದಾರ ಕಡಿಯೋದಕ್ಕೆ ತಾನೇ ನಾನು ಇಷ್ಟೆಲ್ಲ ಒದ್ದಾಡಿದ್ದು!

ಇರಲಿ. ಆ ಬೋರ್ಡಿನ ಅಕ್ಷರ ಮಾತ್ರ ನೋಡಿದ ಕೂಡಲೇ ಗುರುತು ಹಿಡಿದೆ. ಯಾಕೆ ಪುಟ್ಟಿ, ಪೆನ್ನು ನಿಂತುಬಿಟ್ಟಿತು? ಬರೆಯೇ, ಇದನ್ನೂ ಬರೆ!